ಊರೆಲ್ಲ ತಲೆ ಮೇಲೆ ಹೊತ್ತು ಮೆರೆಸಿದ ಸಿನಿಮಾ, ಸೀರಿಯಲ್ಲು: ನಿಮಗೆ ಯಾವುದು ಅತಿ ಅನ್ನಿಸ್ತು?

ಬಾಲ್ಕನಿ ಟಿಕೆಟ್

ಷರತ್ತು ಎರಡೇ. ಓಡದೇ ಮಲಗಿದ ಸಿನಿಮಾ ಇಲ್ಲಿ ಬೇಡ, ಬಿದ್ದವರನ್ನ ಇನ್ನೊಮ್ಮೆ ತುಳಿಯೋದ್ರಲ್ಲಿ ಯಾವ ಶೌರ್ಯವೂ ಇಲ್ಲ. ಎಲ್ಲರೂ ಹೊಗಳಿದ್ದನ್ನೇ ಹೇಳಿ. ಇನ್ನೊಂದು, ಬರೀ "ಡಬ್ಬಾ" ಅಂತ ಬರೆದು ಓಡಿಹೋಗಬೇಡಿ. ಎಲ್ಲಿ ಕೈಕೊಟ್ಟಿತು, ಯಾವ ಸೀನಿಗೆ ನಿಮ್ಮ ಮನಸ್ಸು ಮುರೀತು, ಅದನ್ನ ಬರೀರಿ.

ನಾನೇ ಶುರು ಮಾಡ್ತೀನಿ, ಕಲ್ಲು ಬಿದ್ದರೂ ಪರವಾಗಿಲ್ಲ. ಮುಂಗಾರು ಮಳೆ.

2006ರ ಡಿಸೆಂಬರ್ ಕೊನೆಗೆ ಬಂದ ಸಿನಿಮಾ. ಕನ್ನಡದ ಸಿನಿಮಾ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಬಹುದು ಅಂತ ತೋರಿಸಿಕೊಟ್ಟದ್ದು ಅದೇ. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಸಾಲು, ಕೃಷ್ಣ ಅವರ ಕ್ಯಾಮೆರಾದಲ್ಲಿ ಜೋಗ, ಇದ್ಯಾವುದರ ಬಗ್ಗೆಯೂ ನನ್ನ ತಕರಾರಿಲ್ಲ. ತಕರಾರಿರೋದು ನಂದಿನಿ ವಿಚಾರದಲ್ಲಿ. ಆ ಹುಡುಗಿಯ ಮದುವೆ, ಆ ಹುಡುಗಿಯ ಪ್ರೀತಿ, ನಿರ್ಧಾರ ಮಾತ್ರ ಪ್ರೀತಮ್ ಮತ್ತೆ ಅವಳಪ್ಪ ಕರ್ನಲ್ ಸಾಹೇಬರ ನಡುವೆ ಮುಗಿದುಹೋಗುತ್ತೆ. ಅಪ್ಪನಿಗೆ ಹೃದಯದ ಕಾಯಿಲೆ, ಮದುವೆ ನಿಂತರೆ ತಡ್ಕೊಳಲ್ಲ ಅಂತ ಇವನು ತ್ಯಾಗಮೂರ್ತಿ ಆಗ್ತಾನೆ. ಅವಳನ್ನ ಒಂದು ಮಾತು ಕೇಳೋಣ ಅಂತ ಯಾರಿಗೂ ಹೊಳೆಯಲ್ಲ. ಥಿಯೇಟರಿನಿಂದ ಹೊರಬಂದವರೆಲ್ಲ ಪ್ರೀತಮನಿಗೆ ಅತ್ತರು, ದೇವದಾಸ ಅನ್ನೋ ಮೊಲಕ್ಕೆ ಅತ್ತರು. ನಂದಿನಿಗೆ ಅಂತ ಅತ್ತವರು ಯಾರಾದರೂ ಇದ್ದರೆ ಕೈ ಎತ್ತಿ.

ಹಾಡು ಪಕ್ಕಕ್ಕಿಟ್ಟು ಬರೀ ಕಥೆಯನ್ನ ಒಂದ್ಸಲ ಬಾಯಲ್ಲಿ ಹೇಳಿ ನೋಡಿ. ಕಪ್ಪು ಬಿಳುಪು ಕಾಲದ ತ್ಯಾಗದ ಸಿನಿಮಾ ಅದು, ಮಳೇಲಿ ನೆನೆಸಿ ಕೊಟ್ಟಿದ್ದಾರೆ.

ಎಡಿಸನ್ ಕನ್ನಡಿಗ

ಸರ್, ಹಾಡು ಪಕ್ಕಕ್ಕಿಟ್ಟು ನೋಡಿ ಅನ್ನೋದು ಎಂಥ ವಾದ? ನಮ್ಮ ಸಿನಿಮಾದಲ್ಲಿ ಹಾಡೂ ಕಥೇನೇ. "ಅನಿಸುತಿದೆ ಯಾಕೋ ಇಂದು" ಬರೋ ಹೊತ್ತಿಗೆ ಅವನು ಬಾಯಲ್ಲಿ ಹೇಳಬೇಕಾದ್ದೆಲ್ಲ ಹಾಡೇ ಹೇಳಿ ಮುಗಿಸಿರುತ್ತೆ.

ಮತ್ತೆ, ಆಗಿನ ಕಾಲ ನೆನಪು ಮಾಡ್ಕೊಳ್ಳಿ. ಒಂದು ಕಡೆ ಮಚ್ಚು ಲಾಂಗು, ಇನ್ನೊಂದು ಕಡೆ ರೀಮೇಕು. 2004ರಲ್ಲಿ ವರ್ಷ ಓಡಿದ ಆಪ್ತಮಿತ್ರದ ಬೇರು ಕೂಡ 1993ರ ಮಲಯಾಳಂ ಮಣಿಚಿತ್ರತ್ತಾಳಿನಲ್ಲಿ. ಅಂಥ ಹೊತ್ತಿಗೆ ಸ್ವಂತ ಕಥೆ, ಕೊನೆಗೆ ಸೋಲೋ ಹೀರೋ, ಅದೂ ತನ್ನ ಸೋಲನ್ನ ತಾನೇ ಗೇಲಿ ಮಾಡ್ಕೊಳ್ಳೋ ಹೀರೋ. ಇವತ್ತಿನ ಕಣ್ಣಲ್ಲಿ ನೋಡಿ ಇಪ್ಪತ್ತು ವರ್ಷದ ಹಿಂದಿನದನ್ನ ಅಳೆಯೋದು ನ್ಯಾಯ ಅಲ್ಲ. ನಂದಿನಿ ವಿಚಾರಕ್ಕೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ.

ಹುಬ್ಳಿಯಾಂವ

ಮುಂಗಾರು ಮಳಿದು ತಪ್ಪಲ್ರೀ. ಅದರ ಹಿಂದ ಬಂದ ಹಿಂಗಾರಿ ಮಳಿದು ತಪ್ಪು. ಹತ್ತು ವರ್ಷ ನಮ್ಮ ಕೈಯಾಗ ಛತ್ರಿ ಹಿಡಿಸಿಬಿಟ್ರು. ಹೀರೋ ಬಾಯಿ ತೆರದ್ರ ಮುಚ್ಚವಲ್ಲ, ಮಳಿ ಬಂದ್ರ ನಿಲ್ಲವಲ್ದು. ನಮ್ಮ ಕಡೆ ಖರೇನ ಅಷ್ಟು ಮಳಿ ಆಗಿದ್ರ ಮಹದಾಯಿ ನೀರಿನ ಸಲುವಾಗಿ ಯಾಕ ರಸ್ತಾದಾಗ ಕುಂದರ್ತಿದ್ವಿ?

ರಾಕಿಭಕ್ತ

ಲವ್ ಸ್ಟೋರಿ ಎಲ್ಲಾ ಬಿಡ್ರೋ. ಕೆಜಿಎಫ್ ಮುಟ್ಟೋ ಧೈರ್ಯ ಯಾರಿಗಿದೆ ನೋಡೋಣ. ಇಡೀ ಇಂಡಿಯಾ ಕನ್ನಡದ ಕಡೆ ತಿರುಗಿ ನೋಡಿದ್ದೇ ಅದರಿಂದ. 🔥

ಕೋಲಾರದ ಕಲ್ಲು

ನಾನು ಮುಟ್ತೀನಿ ತಮ್ಮಾ. ಕೆಜಿಎಫ್ ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್, ನಮ್ಮೂರಿನ ಹೆಸರು ತಾನೇ ಅದು.

2018ರ ಡಿಸೆಂಬರಿನಲ್ಲಿ ಮೊದಲ ಭಾಗ ಬಂದಾಗ ನಮ್ಮ ಕಡೆ ಹುಡುಗರು ಪಟಾಕಿ ಹೊಡೆದರು, ನನಗೂ ಸಂತೋಷವೇ ಆಯಿತು. ಶೂಟಿಂಗಿಗೆ ಸೈನೈಡ್ ದಿಬ್ಬದ ಹತ್ತಿರವೇ ಸೆಟ್ ಹಾಕಿದ್ದರು. ಆ ದಿಬ್ಬ ಏನು ಅಂತ ಹೊರಗಿನವರಿಗೆ ಗೊತ್ತಿರಲ್ಲ. ನೂರಕ್ಕೂ ಮಿಕ್ಕಿದ ವರ್ಷ ಅದಿರು ಅರೆದು, ಚಿನ್ನ ತೆಗೆದುಕೊಂಡು, ಉಳಿದ ಪುಡಿ ಸುರಿದ ಗುಡ್ಡ ಅದು. ಗಾಳಿ ಎದ್ದರೆ ಆ ಧೂಳು ಮನೆಯೊಳಗೆ, ಒಗೆದ ಬಟ್ಟೆ ಮೇಲೆ. ಸಿನಿಮಾಕ್ಕೆ ಅದು ಚೆಂದದ ಹಿನ್ನೆಲೆ, ಅಷ್ಟೇ.

ಜಾನ್ ಟೇಲರ್ ಕಂಪನಿ ಇಲ್ಲಿ ಅಗೆಯೋಕೆ ಶುರು ಮಾಡಿದ್ದು 1880ರ ದಶಕದಲ್ಲಿ. ಶಿವನಸಮುದ್ರದ ಕರೆಂಟು ಇಲ್ಲಿಗೆ ಬಂದದ್ದು 1902ಕ್ಕೆ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ಕ್ಕೆ. ಅಂದರೆ ರಾಜಧಾನಿಗಿಂತ ಮೊದಲು ನಮ್ಮ ಗಣಿಗೆ ಬೆಳಕು. ಆ ಬೆಳಕು ಯಾರಿಗೆ ಅನ್ನೋದು ಬೇರೆ ಮಾತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಆಳದಲ್ಲಿ ಬಂಡೆ ತಾನಾಗೇ ಸಿಡಿಯುತ್ತೆ. ಸಿಡಿದು ಸತ್ತವರು ಒಂದು ಕಡೆ, ಕಲ್ಲಿನ ಪುಡಿ ಕುಡಿದು ಶ್ವಾಸಕೋಶ ಕಲ್ಲಾಗಿ ಹೋದವರು ಇನ್ನೊಂದು ಕಡೆ. ಇಳಿದವರಲ್ಲಿ ಬಹುಪಾಲು ಆರ್ಕಾಟ್ ಕಡೆಯಿಂದ ಬಂದ ದಲಿತ ಕುಟುಂಬದವರು.

ಈಗ ಸಿನಿಮಾದೊಳಗಿನ ನರಾಚಿ ಗಣಿ ನೋಡಿ. ಅಲ್ಲಿ ಕೂಲಿಯವರೆಲ್ಲ ಮಸಿ ಬಳಿದುಕೊಂಡ ಮುಖ, ಬಾಯಿಲ್ಲ, ಹೆಸರಿಲ್ಲ. ರಾಕಿ ಅನ್ನೋ ಒಬ್ಬ ಹೀರೋ ಬಂದು ಕೈ ಹಿಡಿಯೋವರೆಗೆ ತಲೆ ಬಗ್ಗಿಸಿ ನಿಂತಿರೋದೇ ಅವರ ಕೆಲಸ. ನಿಜವಾದ ಕೆಜಿಎಫ್ 1930ರಲ್ಲೇ ಬೆರಳಚ್ಚು ಕೊಡಲ್ಲ ಅಂತ ಮುಷ್ಕರ ಹೂಡಿ ಬ್ರಿಟಿಷ್ ಕಂಪನಿಯನ್ನ ನಿಲ್ಲಿಸಿದ ಊರು. ಯಾವ ರಾಕಿಗೂ ಕಾಯಲಿಲ್ಲ ಅವರು. 2001ರ ಫೆಬ್ರುವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಈಗ ಅವರ ಮಕ್ಕಳು ಮೊಮ್ಮಕ್ಕಳು ಮಾರಿಕುಪ್ಪಂನಲ್ಲಿ ನಸುಕಿಗೇ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಬರ್ತಾರೆ.

ಹೆಸರು ನಮ್ಮದು ತಗೊಂಡರು, ನಮ್ಮನ್ನ ತಗೊಳ್ಳಲಿಲ್ಲ.

ರಾಕಿಭಕ್ತ

ಅಣ್ಣ ಅದು ಡಾಕ್ಯುಮೆಂಟರಿ ಅಲ್ಲ. ನರಾಚಿ ಕಾಲ್ಪನಿಕ ಅಂತ ಅವರೇ ಹೇಳಿದ್ದಾರೆ. ಮಾಸ್ ಸಿನಿಮಾನ ಮಾಸ್ ಥರ ನೋಡಬೇಕು. 66ನೇ ರಾಷ್ಟ್ರಪ್ರಶಸ್ತೀಲಿ ಸಾಹಸಕ್ಕೂ ಸ್ಪೆಷಲ್ ಎಫೆಕ್ಟ್ಸ್‌ಗೂ ಪ್ರಶಸ್ತಿ ಸುಮ್ನೆ ಕೊಟ್ರಾ?

ಕೋಲಾರದ ಕಲ್ಲು

ಕೊಡಲಿ, ಕೊಟ್ಟಿದ್ದಕ್ಕೆ ನನಗೇನೂ ಬೇಜಾರಿಲ್ಲ. ಕಾಲ್ಪನಿಕ ಊರಿಗೆ ಕಾಲ್ಪನಿಕ ಹೆಸರೇ ಇಡಬಹುದಿತ್ತು ಅಂತ ನನ್ನ ಮಾತು. ಈಗ ಎಲ್ಲಿಗೆ ಹೋಗಿ ಊರಿನ ಹೆಸರು ಹೇಳಿದರೂ ಸಲಾಂ ರಾಕಿ ಭಾಯ್ ಅಂತಾರೆ. ಅಪ್ಪ ಯಾವ ಶಾಫ್ಟಿನಲ್ಲಿ ಇಳೀತಿದ್ದರು ಅಂತ ಒಬ್ಬರೂ ಕೇಳಲ್ಲ.

ಎಡಿಟಿಂಗ್ ಟೇಬಲ್

ಕೆಲಸದ ದೃಷ್ಟಿಯಿಂದ ಎರಡು ಮಾತು. ನಾನು ಟಿವಿ ಕಡೆಯವನು, ಸಿನಿಮಾದವನಲ್ಲ, ಅಷ್ಟು ಉಪ್ಪು ಕಡಿಮೆ ಹಾಕ್ಕೊಂಡೇ ಓದಿ.

ಪ್ರಶಾಂತ್ ನೀಲ್ ಸಿನಿಮಾದ ಗುಟ್ಟು ಏನಂದ್ರೆ, ಹೀರೋ ಏನಾದರೂ ಮಾಡೋಕೆ ಮುಂಚೆನೇ ಅವನು ಎಂಥವನು ಅಂತ ಇನ್ನೊಬ್ಬರು ಹೇಳಿಬಿಡ್ತಾರೆ. ಮೊದಲ ಭಾಗದಲ್ಲಿ ಅನಂತನಾಗ್ ಹೇಳಿದರು, ಎರಡನೇದರಲ್ಲಿ ಪ್ರಕಾಶ್ ರಾಜ್. ದನಿ ಎರಡೂ ಅದ್ಭುತ. ಆದರೆ ಆ ನಿರೂಪಣೆ ತೆಗೆದುಬಿಟ್ಟರೆ ಎಷ್ಟೋ ಸೀನಿನಲ್ಲಿ ಒಬ್ಬ ಮನುಷ್ಯ ಹೊಗೆಯೊಳಗೆ ನಿಧಾನ ನಡೆಯೋದು ಬಿಟ್ಟು ಬೇರೇನೂ ನಡೀತಿರಲ್ಲ. ಎರಡನೇ ಭಾಗ ಕತ್ತರಿಸಿದ ಉಜ್ವಲ್ ಕುಲಕರ್ಣಿ ಆಗ ಹತ್ತೊಂಬತ್ತರ ಹುಡುಗ, ಅಭಿಮಾನಿಗಳ ವಿಡಿಯೊ ಎಡಿಟ್ ಮಾಡ್ತಾ ಬಂದವರು ಅಂತ ಆಗ ಸುದ್ದಿಯಾಗಿತ್ತು. ಆ ಕೈಚಳಕ ಕಣ್ಣಿಗೆ ಕಾಣುತ್ತೆ, ಒಂದೊಂದು ಸೀನೂ ಒಂದೊಂದು ಟ್ರೇಲರು. ಅಷ್ಟು ವೇಗದಲ್ಲಿ ಕತ್ತರಿಸೋದು ಸುಲಭ ಅಲ್ಲ, ನನ್ನ ಕೈಲಿ ಆಗಲ್ಲ. ಆದರೆ ಮೂರು ಗಂಟೆ ಟ್ರೇಲರ್ ನೋಡೋದು ಊಟಕ್ಕೆ ಕೂತವನ ಎಲೆಗೆ ಬರೀ ಉಪ್ಪಿನಕಾಯಿ ಬಡಿಸಿದ ಹಾಗೆ. ಸೀನು ಉಸಿರಾಡಬೇಕು. ತಾಯಿ ಮಗನ ಸೀನುಗಳಲ್ಲಿ ಮಾತ್ರ ಉಸಿರು ಇದೆ, ಜನ ನೆನಪಿಟ್ಟುಕೊಂಡಿರೋದೂ ಅವನ್ನೇ.

ಕಡಲ ಕರೆ

ಕೆಜಿಎಫ್ ಆಯ್ತಲ್ಲ, ಇನ್ನು ಕಾಂತಾರದ ವಿಷಯ ಯಾರೂ ತೆಗೆಯುವುದಿಲ್ಲ ಅಂತ ಕಾಣ್ತದೆ. ನಾನೇ ತೆಗೆಯುತ್ತೇನೆ ಮಾರಾಯ್ರೆ, ಇದಕ್ಕೆ ನಮ್ಮ ಮನೆಯಲ್ಲೇ ಬೈಗಳು ತಿಂದಾಗಿದೆ.

ಕೊನೆಯ ಇಪ್ಪತ್ತು ನಿಮಿಷ ನೋಡುವಾಗ ನನಗೂ ಮೈ ಜುಂ ಅಂತು, ಸುಳ್ಳು ಹೇಳುವುದಿಲ್ಲ. ದೈವದ ಕೋಲದ ರಾತ್ರಿ ಗದ್ದೆಯ ಬದುವಿನಲ್ಲಿ ಕೂತು ನೋಡಿ ಬೆಳೆದವರಿಗೆ ಆ ಕೂಗು ಕೇಳಿದರೆ ಬೆನ್ನು ನೆಟ್ಟಗಾಗಿಯೇ ಆಗ್ತದೆ. ಆದರೆ ಆ ಇಪ್ಪತ್ತು ನಿಮಿಷದ ಮಾರ್ಕನ್ನು ಇಡೀ ಸಿನಿಮಾಕ್ಕೆ ಹಂಚಿದ್ದಾರೆ.

ಲೀಲಾಳನ್ನೇ ನೋಡಿ. ಆ ಊರಿನದ್ದೇ ಹುಡುಗಿ, ಫಾರೆಸ್ಟ್ ಗಾರ್ಡ್ ಆಗಿ ಅದೇ ಊರಿಗೆ ಬರ್ತಾಳೆ. ಅವಳ ಯೂನಿಫಾರ್ಮ್ ಅವಳ ಮನೆಯವರ ಜಾಗಕ್ಕೇ ಬೇಲಿ ಹಾಕ್ತದೆ. ಇದಕ್ಕಿಂತ ದೊಡ್ಡ ಕಥೆ ಉಂಟಾ? ಆ ಪಾತ್ರದ ಮೇಲೆಯೇ ಒಂದು ಸಿನಿಮಾ ನಿಲ್ಲಿಸಬಹುದಿತ್ತು. ನಮ್ಮ ಹೀರೋ ಅವಳ ಸೊಂಟ ಚಿವುಟುತ್ತಾನೆ, ಅವಳಿಗೆ ಪ್ರೀತಿ ಆಗ್ತದೆ, ಮುಗೀತು. ಆಮೇಲೆ ಅವಳು ಕಾಣುವುದೇ ಅಪರೂಪ.

ಇನ್ನೊಂದು, ಜಾಗದ ಪ್ರಶ್ನೆ. 1847ರ ಅರಸನಿಂದ ಶುರುವಾಗಿ 1970ಕ್ಕೆ ಬಂದು 1990ಕ್ಕೆ ನಿಲ್ಲುವ ಕಥೆ. ಚೆಂದದ ಕಟ್ಟಡ. ಕಾಡಿನ ಅಂಚಿನಲ್ಲಿರುವವರಿಗೆ ಇಲಾಖೆಯ ಗಡಿಕಲ್ಲು ಅಂದರೆ ಏನು ಅಂತ ನಮ್ಮ ಘಟ್ಟದ ಕೆಳಗಿನವರಿಗೆ ಬಿಡಿಸಿ ಹೇಳುವುದು ಬೇಡ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದ ಮೇಲೆ ಎಷ್ಟು ಮನೆಯವರು ಕಾಗದ ಹಿಡಿದುಕೊಂಡು ಅಲೆದರು ಅಂತ ನೋಡಿದ್ದೇವೆ. ಸಿನಿಮಾ ಅರ್ಧದವರೆಗೆ ಅದನ್ನೇ ಹೇಳ್ತದೆ. ಆಮೇಲೆ ಒಬ್ಬ ಧಣಿಯನ್ನು ವಿಲನ್ ಮಾಡಿ, ಅವನನ್ನು ಕೊಂದು, ಇಲಾಖೆಯ ಸಾಹೇಬರ ಕೈಯನ್ನೂ ಊರವರ ಕೈಯನ್ನೂ ದೈವ ಸೇರಿಸಿದ ಕೂಡಲೇ ಎಲ್ಲ ಸಮ ಆಯ್ತು! ಹಕ್ಕುಪತ್ರ ಸಿಕ್ಕಿತಾ ಇಲ್ಲವಾ?

ಹುಬ್ಳಿಯಾಂವ

ಅಲ್ರೀ, ನಮ್ಮಂಥಾವ್ರಿಗೆ ಪಂಜುರ್ಲಿ, ಗುಳಿಗ ಅನ್ನೂ ದೈವದ ಹೆಸರ ಗೊತ್ತಾಗಿದ್ದ ಆ ಸಿನಿಮಾದಿಂದ. ಹುಬ್ಬಳ್ಳ್ಯಾಗ ಥೇಟರಿನ್ಯಾಗ ಮುದುಕ್ರು ಚಪ್ಪಲಿ ಬಿಟ್ಟು ಕುಂತಿದ್ದು ನಾ ನೋಡೇನಿ. ಅದೂ ಒಂದ ಸಾಧನೆ ಅಲ್ಲೇನು?

ಕಡಲ ಕರೆ

ಸಾಧನೆಯೇ ಸರ್. ಅಲ್ಲ ಅನ್ನುವುದಿಲ್ಲ. ಆದರೆ ಚಪ್ಪಲಿ ಬಿಟ್ಟು ಕೂತವರ ಹಿಂದೆಯೇ ಇನ್ನೊಂದು ಜಾತಿಯವರೂ ಬಂದರು. ಮೈಮೇಲೆ ಬಂದವರ ಹಾಗೆ ಥಿಯೇಟರಿನಲ್ಲಿ ಕುಣಿಯುವುದು, ಮುಖಕ್ಕೆ ಬಣ್ಣ ಬಳಿದು ರೀಲ್ಸ್ ಮಾಡುವುದು. 2025ರ ಅಕ್ಟೋಬರಿನಲ್ಲಿ ಕಾಂತಾರ ಚಾಪ್ಟರ್ 1 ಬಂದಾಗ ದೈವವನ್ನು ಅನುಕರಿಸಬೇಡಿ ಅಂತ ಚಿತ್ರತಂಡವೇ ಕೇಳಿಕೊಳ್ಳಬೇಕಾಯ್ತು. ಕೋಲ ಕಟ್ಟುವವರು ಎಷ್ಟು ದಿನ ವ್ರತ ಹಿಡಿಯುತ್ತಾರೆ, ಯಾವ ಸಮುದಾಯದವರು ಕಟ್ಟುತ್ತಾರೆ, ಬೆಳಗಾದ ಮೇಲೆ ಅವರನ್ನು ಯಾರು ಯಾವ ಅಂಗಳದವರೆಗೆ ಬಿಡುತ್ತಾರೆ, ಅದನ್ನು ಈ ಕುಣಿಯುವವರು ಯಾರೂ ಕೇಳುವುದಿಲ್ಲ. 2008ರಲ್ಲಿ ಗಗ್ಗರ ಅಂತ ತುಳು ಸಿನಿಮಾ ಬಂದಿತ್ತು, ಭೂತ ಕಟ್ಟುವವರ ಮನೆಯ ಕಥೆ, ರಾಷ್ಟ್ರಪ್ರಶಸ್ತಿ ಕೂಡ ಬಂತು. ನೋಡಿದವರು ಎಷ್ಟು ಜನ?

ಕಾಂತಾರದ ರಿಷಬ್ ಶೆಟ್ಟಿ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದದ್ದಕ್ಕೆ ಖುಷಿ ಉಂಟು. ಕನ್ನಡ ಸಿನಿಮಾದ ಅಭಿನಯಕ್ಕೆ ಅದು ನಾಲ್ಕನೆಯದ್ದು. ಮೊದಲನೆಯದ್ದು ಚೋಮನ ದುಡಿಯ ಎಂ.ವಿ. ವಾಸುದೇವರಾವ್ ಅವರಿಗೆ. ಆಮೇಲೆ ತಬರನ ಕಥೆಯ ಚಾರುಹಾಸನ್, ನಾನು ಅವನಲ್ಲ ಅವಳುವಿನ ಸಂಚಾರಿ ವಿಜಯ್. ಕಾರಂತರ ಚೋಮನೂ ಪಂಜುರ್ಲಿಗೆ ಹೆದರಿದವನೇ. ಮತ ಬಿಡಲು ಹೊರಟವ ದಾರಿಯಿಂದ ವಾಪಸು ಬರ್ತಾನೆ. ಅವನಿಗೆ ದೈವ ಯಾವ ಜಾಗವನ್ನೂ ಕೊಡಿಸಲಿಲ್ಲ, ಉಳಲಿಕ್ಕೆ ತುಂಡು ಭೂಮಿಯೂ ಇಲ್ಲದೆ ದುಡಿ ಬಡಿಯುತ್ತಾ ಸತ್ತ. ನನಗೆ ಆ ಚೋಮನ ಎದುರು ಕಾಂತಾರದ ಹೀರೋ ಶಿವ ಸ್ವಲ್ಪ ಸಸಾರ ಕಾಣ್ತಾನೆ, ಏನು ಮಾಡುವುದು.

ಬಾಲ್ಕನಿ ಟಿಕೆಟ್

ಕಡಲ ಕರೆ ಅವರೇ, ಲೀಲಾ ವಿಚಾರಕ್ಕೆ ನನ್ನದೂ ಒಂದು ಸಹಿ. ನಂದಿನಿ ಪಕ್ಕದಲ್ಲೇ ಕೂರಿಸಬಹುದು ಅವಳನ್ನ. ಹದಿನಾರು ವರ್ಷದಲ್ಲಿ ಕ್ಯಾಮೆರಾ ಎಲ್ಲಿಂದ ಎಲ್ಲಿಗೋ ಹೋಯ್ತು, ಹೀರೋಯಿನ್ ಮಾತ್ರ ಅಲ್ಲೇ.

ಎಡಿಸನ್ ಕನ್ನಡಿಗ

ಮಧ್ಯೆ ಒಂದು ಪರದೇಶಿ ಹೆಸರು ಸೇರಿಸ್ತೀನಿ: ಗೇಮ್ ಆಫ್ ಥ್ರೋನ್ಸ್. 2011ರಿಂದ 2019ರವರೆಗೆ 73 ಕಂತು. ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಇದರ ಮಾತು ಬಿಟ್ಟು ಬೇರೆ ಇರ್ತಿರಲಿಲ್ಲ. ಕೊನೆಯ ಆರು ಕಂತಿನಲ್ಲಿ ಅದುವರೆಗೆ ಕಟ್ಟಿದ್ದೆಲ್ಲ ಗಡಿಬಿಡೀಲಿ ಒಡೆದು ಹಾಕಿದರು. ಈಗ ಯಾರೂ ಅದರ ಸುದ್ದಿ ಎತ್ತಲ್ಲ.

ಅಡುಗೆಮನೆ ರಿಮೋಟ್

ಆರು ಕಂತಿಗೇ ಇಷ್ಟು ಅಳ್ತೀರಲ್ಲಪ್ಪ! ನಾವು ಅಗ್ನಿಸಾಕ್ಷಿ ಸೀರಿಯಲ್ಲಲ್ಲಿ ವಿಲನ್ ಚಂದ್ರಿಕಾ ಬಣ್ಣ ಬಯಲಾಗಲಿ ಅಂತ ಎಷ್ಟು ವರ್ಷ ಕಾದೆವು ಗೊತ್ತಾ? 2013ರಲ್ಲಿ ಶುರುವಾದದ್ದು 2020ರ ಹೊಸ್ತಿಲವರೆಗೆ ನಡೀತು. ಪ್ರತಿ ಶುಕ್ರವಾರ ಇನ್ನೇನು ಸಿಕ್ಕಿಬಿದ್ದಳು ಅನ್ನೋ ಹಾಗೆ ಮಾಡೋದು, ಸೋಮವಾರ ಏನೂ ಇಲ್ಲ. ಪುಟ್ಟಗೌರಿ ಕಾಡಿನಲ್ಲಿ ಹುಲಿ ಎದುರು ನಿಂತಾಗ ಇಡೀ ರಾಜ್ಯ ಟ್ರೋಲ್ ಮಾಡಿತು. ಮಾಡಲಿ, ನಾನೂ ನಕ್ಕೆ, ಮಾರನೇ ದಿನ ಏಳೂವರೆಗೆ ಮತ್ತೆ ಹಾಕಿದೆ.

ಜೊತೆ ಜೊತೆಯಲಿ ಮೊದಲ ವರ್ಷ ಎಷ್ಟು ಚೆನ್ನಾಗಿತ್ತು. ನಲವತ್ತೈದರ ಆರ್ಯವರ್ಧನ್, ವಠಾರದ ಹುಡುಗಿ ಅನು ಸಿರಿಮನೆ, ಅವಳ ಅಪ್ಪ ಅಮ್ಮ. ಆ ಅಪ್ಪ ಅಮ್ಮ ಮಾತಾಡೋದು ನಮ್ಮ ಪಕ್ಕದ ಮನೆಯವರ ಹಾಗೇ ಇತ್ತು. ಅದರ ಮೂಲ ಮರಾಠಿಯ ತುಲಾ ಪಾಹತೇ ರೇ. ಅಲ್ಲಿ ಒಂದು ವರ್ಷ ತುಂಬೋದ್ರೊಳಗೆ ಮುಗಿಸಿಬಿಟ್ಟಿದ್ದರು. ಇಲ್ಲಿ 2019ರಲ್ಲಿ ಶುರುವಾಗಿ 2023ರವರೆಗೆ ಎಳೆದರು. ನಡುವೆ ನಾಯಕನೇ ಬದಲಾದರು. ಒಂದು ವರ್ಷದ ಕಥೆಗೆ ನಾಲ್ಕು ವರ್ಷದ ಸೀರೆ ಉಡಿಸೋದು ಯಾರ ಕೈಲಾಗುತ್ತೆ?

ಆದರೆ ನನಗೆ ಸಿಟ್ಟು ಇವುಗಳ ಮೇಲಲ್ಲ. ಇವನ್ನ ಯಾರೂ ಮಹಾನ್ ಅಂತ ಹೇಳೇ ಇಲ್ಲ. ಅತಿಯಾಗಿ ಹೊಗಳಿದ್ದು ಅಂದರೆ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳನ್ನ. ಈಗ ಬೈಯಿರಿ. ಮಾಯಾಮೃಗಕ್ಕೆ ನಾನು ಕೈ ಮುಗೀತೀನಿ, ದೂರದರ್ಶನದಲ್ಲಿ ಅದು ಬರೋ ಹೊತ್ತಿಗೆ ಬೀದಿ ಖಾಲಿ. ಆಮೇಲಿನ ಮುಕ್ತ, ಮುಕ್ತ ಮುಕ್ತದಲ್ಲಿ ಕೋರ್ಟಿನ ಒಂದೊಂದು ವಿಚಾರಣೆ ವಾರಗಟ್ಟಲೆ. ಅಜ್ಜಿಯಿಂದ ಹಿಡಿದು ಕಾಲೇಜು ಹುಡುಗಿವರೆಗೆ ಎಲ್ಲರೂ ಒಂದೇ ಥರ, ಪೂರ್ತಿ ವಾಕ್ಯದಲ್ಲಿ, ಭಾಷಣದ ಹಾಗೆ ಮಾತಾಡ್ತಾರೆ. ಕೊನೆಗೆ ಸ್ವತಃ ಸೀತಾರಾಮ್ ಅವರೇ ಕರಿ ಕೋಟು ಹಾಕ್ಕೊಂಡು ಬಂದು ನ್ಯಾಯ ಕೊಡಿಸ್ತಾರೆ. ನಮ್ಮೆಜಮಾನ್ರು ಬೇರೆ ಧಾರಾವಾಹಿ ಹಾಕಿದರೆ ಪೇಪರ್ ಎತ್ಕೊಳ್ತಿದ್ದರು, ಇದಕ್ಕೆ ಮಾತ್ರ ಕೂತು ನೋಡ್ತಿದ್ದರು, "ಇದು ಸೀರಿಯಲ್ ಅಲ್ಲ" ಅಂತ. ಸೀರಿಯಲ್ಲೇ ಕಣ್ರೀ. ಗಂಡಸರು ನೋಡಿದ ತಕ್ಷಣ ಅದು ಸಾಹಿತ್ಯ ಆಗಿಬಿಡುತ್ತಾ?

ಕೋಲಾರದ ಕಲ್ಲು

ಮೇಡಂ, ಕೊನೆ ಸಾಲಿಗೆ ನಮಸ್ಕಾರ.

ದುರ್ಗದ ಕೋಟೆ

ಸೀತಾರಾಮ್ ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಗ್ರಾಮ ಪಂಚಾಯ್ತಿ, ಜಾತಿ, ಭೂಮಿ, ಮೀಸಲಾತಿ ಇವನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ನಡುಮನೆಗೆ ತಂದವರು ಬೇರೆ ಯಾರು? ಭಾಷಣ ಅನ್ನಿಸಿದರೂ ಆ ಭಾಷಣ ಬೇಕಿತ್ತು.

ಅಡುಗೆಮನೆ ರಿಮೋಟ್

ಬೇಕಿತ್ತು ಸರ್, ಇಲ್ಲ ಅಂದೆನಾ. ಬೇಕಿದ್ದದ್ದೆಲ್ಲ ಚೆನ್ನಾಗಿತ್ತು ಅಂತ ಅರ್ಥ ಅಲ್ಲ.

ಎಡಿಟಿಂಗ್ ಟೇಬಲ್

ಎಳೆಯೋದು ಯಾಕೆ ಅಂತ ಹೇಳ್ತೀನಿ, ನಾನು ದಿನಾ ಮಾಡೋ ಕೆಲಸ ಅದು.

ಅರ್ಧ ಗಂಟೆ ಸ್ಲಾಟಿನಲ್ಲಿ ಜಾಹೀರಾತು ಕಳೆದು ನಮಗೆ ಉಳಿಯೋದು ಇಪ್ಪತ್ತೆರಡು ನಿಮಿಷದ ಆಸುಪಾಸು. ಹಿಂದಿನ ದಿನದ್ದು, ಮುಂದೆ ಬರೋದು ಅಂತ ಒಂದಿಷ್ಟು ಹೋಗುತ್ತೆ. ಒಬ್ಬರು ಒಂದು ಮಾತು ಹೇಳಿದ ಕೂಡಲೇ ಸುತ್ತ ನಿಂತ ಐದು ಜನರ ಮುಖವನ್ನ ಗುಡುಗಿನ ಸದ್ದಿನ ಜೊತೆ ಮೂರು ಮೂರು ಸಲ ತೋರಿಸ್ತೀವಲ್ಲ, ಅದನ್ನ ನೋಡಿ ನೀವು ನಗ್ತೀರಿ. ಅಷ್ಟರಲ್ಲಿ ಒಂದೂವರೆ ಎರಡು ನಿಮಿಷ ಕಳೀತು, ಅಂದರೆ ಒಂದು ಸೀನಿನ ಶೂಟಿಂಗ್ ಉಳೀತು. ಮಳೆ ಬಂದು ಹೊರಾಂಗಣ ಕೈಕೊಟ್ಟ ದಿನ, ನಟಿಗೆ ಜ್ವರ ಬಂದ ದಿನ, ಆ ಮುಖಗಳೇ ನಮ್ಮನ್ನ ಕಾಪಾಡೋದು. ಸದ್ದು ಯಾಕೆ ಅಷ್ಟು ಜೋರು ಅಂದ್ರೆ, ನೋಡೋರಲ್ಲಿ ಅರ್ಧ ಜನ ಒಲೆ ಮುಂದೆ ಇರ್ತಾರೆ. ಅವರು ಕಿವೀಲೇ ನೋಡೋರು. ಢಂ ಅಂದಾಗ ಸೌಟು ಹಿಡ್ಕೊಂಡೇ ಬಂದು ಬಾಗಿಲಲ್ಲಿ ನಿಲ್ತಾರೆ.

ಗುರುವಾರ ಟಿಆರ್‌ಪಿ ಬರುತ್ತೆ. ಯಾವ ಪಾತ್ರ ಬಂದಾಗ ನಂಬರ್ ಏರಿತು ಅಂತ ನೋಡಿ ಮುಂದಿನ ವಾರದ ಕಥೆ ತಿರುಗುತ್ತೆ. ವಿಲನ್ ಸಿಕ್ಕಿಬಿದ್ದರೆ ನಂಬರ್ ಬೀಳುತ್ತೆ ಅಂತ ಗೊತ್ತಾದ ಮೇಲೆ ಅವಳನ್ನ ಯಾವ ಚಾನೆಲ್ಲಾದರೂ ಸಿಕ್ಕಿಬೀಳೋಕೆ ಬಿಡುತ್ತಾ? ಬರೆಯೋರನ್ನ ಬೈಬೇಡಿ. ಅವರಿಗೆ ಕೊನೆ ಯಾವಾಗ ಅಂತ ಗೊತ್ತಿಲ್ಲದೇ ಕಥೆ ಕಟ್ಟಬೇಕು.

ಸಕ್ಕರೆ ನಾಡು

ಎಲ್ಲ ಕಮರ್ಷಿಯಲ್ ಬಯ್ತಾ ಇದೀರಿ, ಅವಾರ್ಡ್ ಸಿನಿಮಾದವ್ರಿಗೆ ಮಾತ್ರ ಮಾಫಿನಾ? ತಿಥಿ.

ಸಿನಿಮಾ ಚೆನ್ನಾಗಿಲ್ಲ ಅಂತಿಲ್ಲ ಕಣಣ್ಣ. ಸಿನಿಮಾ ತೆಗೆದ ನೊದೆಕೊಪ್ಪಲು ನಮಗೆ ದೂರ ಅಲ್ಲ, ಬರೆದ ಈರೇಗೌಡ್ರು ಆ ಕಡೆಯವ್ರೇ, ಮಾತು ನಮ್ಮದೇ ಮಾತು. ಅಪ್ಪ ಬದುಕಿದ್ದಂಗೇ ಸತ್ತೋದ ಅಂತ ಸುಳ್ಳು ಕಾಗದ ಮಾಡಿಸಿ ಜಮೀನು ಮಾರಕ್ಕೆ ಹೊಂಟ ತಮ್ಮಣ್ಣ ಇದಾನಲ್ಲ, ಅಂಥವ್ರು ನಮ್ಮೂರಲ್ಲೂ ಇದಾರೆ. ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ರಾಷ್ಟ್ರಪ್ರಶಸ್ತಿ ಬಂತು, ಬರ್ಲಿ.

ನನ್ನ ಸಿಟ್ಟು ಹೊಗಳಿದ ರೀತಿ ಮೇಲೆ. "ಇವರು ನಟರೇ ಅಲ್ಲ, ಇದ್ದ ಹಾಗೇ ಇದ್ದಾರೆ" ಅಂತ ಪೇಪರ್ನಲ್ಲಿ ಬರೆದ್ರು. ಯಾಕೆ, ಹಳ್ಳಿಯವನಿಗೆ ನಟನೆ ಬರಲ್ವಾ? ತಮ್ಮಣ್ಣನ ಅಪ್ಪ ಗಡ್ಡಪ್ಪ ಕುರುಬರ ಜೊತೆ ರಾತ್ರಿ ಕೂತು ತನ್ನ ಕಥೆ ಹೇಳ್ತಾನಲ್ಲ, ಆ ಸೀನ್ ನೋಡಿ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನೆಲ ನೋಡಬೇಕು ಅಂತ ಆ ಮುದುಕನಿಗೆ ಗೊತ್ತಿತ್ತು. ಅದು ನಟನೆ. ದೊಡ್ಡ ನಟ ಮಾಡಿದ್ರೆ ಸಂಯಮದ ಅಭಿನಯ, ನಮ್ಮ ಗಡ್ಡಪ್ಪ ಮಾಡಿದ್ರೆ "ಇದ್ದ ಹಾಗೇ".

ಬೆಂಗಳೂರಿನ ಮಲ್ಟಿಪ್ಲೆಕ್ಸಲ್ಲಿ ನೋಡ್ದೆ ನಾನು. ಬೈಗುಳ ಬಂದಾಗೆಲ್ಲ ನಗು, ಬೀಡಿ ಹಚ್ಚಿದ್ರೆ ನಗು. ಜಮೀನು ಹೋಗ್ತಾ ಇರೋದು ಯಾರಿಗೂ ಕಾಣ್ಲಿಲ್ಲ. ಆಮೇಲೆ ಗಾಂಧಿನಗರದವ್ರು ಗಡ್ಡಪ್ಪ, ಸೆಂಚುರಿ ಗೌಡ ಆ ಇಬ್ಬರು ಮುದುಕರನ್ನ ಸಾಲು ಸಾಲು ಸಿನಿಮಾದಲ್ಲಿ ಬೈಯಿಸಿ ನಗಿಸಿದ್ರು. ತಿಥಿ ತಪ್ಪಲ್ಲ ಅದು, ಹೊಗಳಿದವ್ರ ತಪ್ಪು.

ಬಾಲ್ಕನಿ ಟಿಕೆಟ್

ಇದು ಬೇರೆಯೇ ಥರದ ದೂರು, ಆದರೂ ಒಪ್ಪಿದೆ. ದುರ್ಗದವರು ಬಂದಿದ್ದಾರೆ ಅಂದ ಮೇಲೆ ನಾಗರಹಾವು ಬರದೇ ಇರುತ್ತಾ ಅಂತ ಕಾಯ್ತಿದ್ದೀನಿ.

ದುರ್ಗದ ಕೋಟೆ

ಬರುತ್ತೆ, ಆದರೆ ನೀವು ನೆನೆಸಿದ ಕಡೆಯಿಂದ ಅಲ್ಲ. ನಾನು ಮೂವತ್ತು ವರ್ಷಕ್ಕೂ ಮೇಲೆ ಮೇಷ್ಟ್ರಾಗಿದ್ದವನು. ಅತಿಯಾಗಿ ಮೆರೆಸಿದ್ದು ಸಿನಿಮಾವನ್ನಲ್ಲ, ಚಾಮಯ್ಯ ಮೇಷ್ಟ್ರನ್ನ.

ಪ್ರತಿ ಶಿಕ್ಷಕರ ದಿನಾಚರಣೆಗೆ ಯಾರಾದರೂ ಒಬ್ಬರು ವೇದಿಕೆ ಮೇಲೆ "ಚಾಮಯ್ಯ ಮೇಷ್ಟ್ರಂಥ ಗುರು ಸಿಗಬೇಕು" ಅಂದೇ ಅನ್ನುತ್ತಾರೆ. ಕಥೆ ಸರಿಯಾಗಿ ನೆನಪಿದೆಯಾ ಅವರಿಗೆ? ರಾಮಾಚಾರಿ ಅಲಮೇಲುವನ್ನ ಪ್ರೀತಿಸಿದ. ಜಾತಿ ಬೇರೆ ಅಂತ ಮೇಷ್ಟ್ರು ಬಿಡಿಸಿದರು. ಗುರುವಿನ ಮಾತು ಅಂತ ಇವನು ಬಿಟ್ಟ. ಆ ಹುಡುಗಿ ಬೇರೆ ಮದುವೆಯಾಗಿ, ಮೋಸಹೋಗಿ, ಮೈ ಮಾರಿಕೊಳ್ಳುವ ಸ್ಥಿತಿಯಲ್ಲಿ ಅವನಿಗೆ ಮತ್ತೆ ಎದುರಾಗುತ್ತಾಳೆ. ಆಮೇಲೆ ಮಾರ್ಗರೆಟ್. ಮತ್ತೆ ಅದೇ ಮೇಷ್ಟ್ರು, ಅದೇ ಬೇಡ. ಒಂದು ಬದುಕು ತಮ್ಮ ಮಾತಿನಿಂದ ಹಾಳಾದದ್ದು ಗೊತ್ತಾದ ಮೇಲೂ ಎರಡನೇ ಸಲ ಅದೇ ಮಾತು ಆಡಿದ ಮನುಷ್ಯ. ಕೊನೆಗೆ ಬೆಟ್ಟದ ಮೇಲೆ ಮೂರು ಹೆಣ. ಕೆ.ಎಸ್. ಅಶ್ವಥ್ ಅವರ ಮುಖದ ಸೌಜನ್ಯ ನೋಡಿ ನಾವೆಲ್ಲ ಮೋಸಹೋದೆವು. ಅವರ ಬದಲು ಗಡುಸು ಮುಖದ ನಟ ಆ ಪಾತ್ರ ಮಾಡಿದ್ದಿದ್ದರೆ ನಾವು ಅವರನ್ನ ಏನಂತ ಕರೆಯುತ್ತಿದ್ದೆವು?

ನಿರ್ದೇಶಕ ಪುಟ್ಟಣ್ಣನವರಿಗೆ ಇದು ಗೊತ್ತಿತ್ತು ಅಂತಲೇ ನನ್ನ ನಂಬಿಕೆ. ಗೊತ್ತಿಲ್ಲದಿದ್ದರೆ ಅಲಮೇಲುವನ್ನ ಆ ಹೋಟೆಲ್ ಕೋಣೆಯಲ್ಲಿ ಮತ್ತೆ ತಂದು ನಿಲ್ಲಿಸುತ್ತಿರಲಿಲ್ಲ, ಶಿಷ್ಯನ ಕೈಯಿಂದಲೇ ಮೇಷ್ಟ್ರನ್ನ ಬೀಳಿಸುತ್ತಿರಲಿಲ್ಲ. ನೋಡಿದ ನಾವು ಮಾತ್ರ ಗುರುಭಕ್ತಿಯ ಚಿತ್ರ ಅಂತ ಹಾರ ಹಾಕಿದೆವು.

ತ.ರಾ.ಸು. ಅವರ ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪ ಮತ್ಸರ, ಮೂರು ಕಾದಂಬರಿಗಳನ್ನೂ ಸೇರಿಸಿ ಒಂದು ಚಿತ್ರ ಮಾಡಿದ್ದು. ನಾಗರಹಾವನ್ನ ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಬೇಸರ ಮಾಡಿಕೊಂಡಿದ್ದರು ಅನ್ನೋದು ನಮ್ಮ ಊರಲ್ಲಿ ಇವತ್ತಿಗೂ ಓಡಾಡುವ ಮಾತು. ಕಾದಂಬರಿ ಓದಿಕೊಂಡು ಚಿತ್ರ ನೋಡಿದರೆ ಅವರ ಬೇಸರಕ್ಕೂ ಕಾರಣ ಸಿಗುತ್ತೆ.

ಎಡಿಸನ್ ಕನ್ನಡಿಗ

ಸರ್, ಇದನ್ನ ಓದಿ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಲ್ಲಿ ಈಗ ಯುದ್ಧ ನಡೀತಿದೆ.

ರಾಕಿಭಕ್ತ

ನಾಗರಹಾವು ವಿಷ್ಣು ದಾದಾ ಸಿನಿಮಾ. ಮೇಷ್ಟ್ರನ್ನ ಏನ್ ಬೇಕಾದ್ರೂ ಅನ್ನಿ, ದಾದಾ ವಿಷ್ಯಕ್ಕೆ ಬರ್ಬೇಡಿ.

ದುರ್ಗದ ಕೋಟೆ

ಬಂದಿಲ್ಲಪ್ಪ. 1972ರಲ್ಲಿ ಆ ಹುಡುಗನ ಕಣ್ಣು ನೋಡಿದವನು ನಾನು. 2018ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗಲೂ ಹೋಗಿ ನೋಡಿದೆ.

ಹುಬ್ಳಿಯಾಂವ

1972 ಅಂದ್ರಲ್ಲ, ಅದ ವರ್ಷದ್ದ ಇನ್ನೊಂದು ಐತಿ. ಎಲ್ಲಾರೂ ಕೂಡಿ ನನ್ನ ಹೊಡಿಯೋದಕ್ಕ ತಯಾರ ಆಗ್ರಿ. ಬಂಗಾರದ ಮನುಷ್ಯ.

ಬೆಂಗಳೂರಾಗ ಸ್ಟೇಟ್ಸ್ ಥೇಟರಿನ್ಯಾಗ ಎರಡು ವರ್ಷ ಓಡಿದ ಸಿನಿಮಾ. ಅದನ್ನ ನೋಡಿ ಪ್ಯಾಟಿ ಬಿಟ್ಟು ಹೊಲಕ್ಕ ಹ್ವಾದವ್ರು ಎಷ್ಟೋ ಮಂದಿ ಅಂತಾರ. ನಮ್ಮಪ್ಪನೂ ಆ ಸಿನಿಮಾ ನೋಡಿದಾಂವನ, ಆದ್ರ ಅಂವ ಮೊದಲ ಹೊಲದಾಗ ಇದ್ದ, ಎಲ್ಲಿಗೂ ಹೋಗೂದು ಇರಲಿಲ್ಲ.

ರಾಜೀವ ಕಲ್ಲು ನೆಲ ಒಡೀತಾನ, ಸಾಲ ತಗೋತಾನ, ದುಡೀತಾನ, ಬಂಗಾರ ಬೆಳೀತಾನ. "ಆಗದು ಎಂದು ಕೈಲಾಗದು ಎಂದು" ಹಾಡು ಕೇಳಿದ್ರ ಈಗೂ ಮೈಯಾಗ ಹುರುಪು ಬರ್ತೈತಿ. ಆದ್ರ ಸಂತ್ಯಾಗ ಉಳ್ಳಾಗಡ್ಡಿ ದರಾ ಬಿದ್ದು, ಗಾಡಿ ಬಾಡಿಗಿನೂ ಹೊರಡದ, ಚೀಲ ರಸ್ತಾದ ಬಾಜೂಕ ಸುರದು ಬರೂದು ಎಲ್ಲೈತ್ರೀ ಆ ಸಿನಿಮಾದಾಗ? ದುಡದ್ರ ಸಾಕು, ಭೂಮಿತಾಯಿ ಕೊಡ್ತಾಳ. ತಾಯಿ ಕೊಡ್ತಾಳ್ರೀ, ದಲಾಲಿ ಕೊಡಬೇಕಲ್ಲ?

ಸಕ್ಕರೆ ನಾಡು

ಅಣ್ಣಾವ್ರ ತಂಟೆಗೆ ಬಂದ್ರಾ ಇವ್ರು. ಅದು 72ರ ಸಿನಿಮಾ, ಆಗ ಬೋರ್‌ವೆಲ್ಲು, ಬ್ಯಾಂಕ್ ಸಾಲ ಎಲ್ಲ ಹೊಸದು. ದುಡಿದ್ರೆ ಆಗುತ್ತೆ ಅನ್ನೋ ನಂಬಿಕೆ ಬೇಕಿತ್ತು ಜನಕ್ಕೆ.

ಹುಬ್ಳಿಯಾಂವ

ಅಣ್ಣಾವ್ರ ತಂಟಿಗೆ ಯಾರ ಬಂದಾರ? ಅವರು ಆ ಪಾತ್ರದಾಗ ನಿಂತದ್ದು ನೋಡಿದ್ರ ಯಾರಿಗಾದ್ರೂ ಒಕ್ಕಲುತನ ಮಾಡಬೇಕು ಅನಸ್ತೈತಿ, ಅದ ನನ್ನ ತಕರಾರು. ಎರಡು ವರ್ಷ ಓಡಿದ ಸಿನಿಮಾದಾಗ ಎಪಿಎಂಸಿದು ಒಂದ ಒಂದು ಸೀನ್ ಇದ್ದಿದ್ರ ಹೊಲಕ್ಕ ಹ್ವಾದ ಆ ಮಂದಿ ಒಂದೀಟು ಲೆಕ್ಕಾ ಹಾಕಿ ಹೋಗ್ತಿದ್ರು.

ಅಡುಗೆಮನೆ ರಿಮೋಟ್

ನೀವು ಹೇಳಿದ ಆ ಸೀನು ಸೀರಿಯಲ್ಲಿಗೆ ಹಾಕಿದರೆ ದರ ಬೀಳೋದಕ್ಕೇ ಮೂರು ತಿಂಗಳು ತಗೋತಾರೆ, ಈರುಳ್ಳಿ ಮೊಳಕೆ ಬಂದಿರುತ್ತೆ. ಅದಿರಲಿ, ಮಾಲ್ಗುಡಿ ಡೇಸ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ? ಸ್ವಾಮಿಯ ಕಂತುಗಳೂ ಆ ಶೀರ್ಷಿಕೆಯ ರಾಗವೂ ಬಿಟ್ಟು ಮಿಕ್ಕ ಕಂತುಗಳ ಕಥೆ ನೆನಪಿರೋರು ಇಲ್ಲಿ ಎಷ್ಟು ಜನ ಇದ್ದೀರಿ, ಹೇಳಿ ನೋಡೋಣ.